ಗೆರೆಯಾಚೆಯ ಚೆಂಡು

ತುಂಗಭದ್ರೆಯ ದಂಡೆಯಲ್ಲಿ ಕೊಟ್ರಪ್ಪ ಗುರುಗಳ ಆಶ್ರಮ. ಕಾವಿ ಉಡುವ ಮೊದಲು ಅವರು ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ಕಾವಿ ಬಂತು, ಆ ಚಟ ಮಾತ್ರ ಹೋಗಲಿಲ್ಲ. ಆಶ್ರಮದ ಹಿಂದೆ ಮಣ್ಣಿನ ಅಂಕಣ, ಬೇವಿನ ಮರಕ್ಕೊಂದು ಕಬ್ಬಿಣದ ಬಳೆ.

ಒಂದು ಬೆಳಿಗ್ಗೆ ಶಿಷ್ಯ ಹಾಲೇಶ ಬಂದ. ಅವನೀಗ ದೊಡ್ಡ ಆಟಗಾರ, ಆಟಗಾರರ ಸಂಘದ ಮುಖಂಡ ಬೇರೆ. ತಂಡಗಳ ಮಾಲೀಕರಿಗೂ ಆಟಗಾರರಿಗೂ ಕರಾರಿನ ಜಗಳ ಹತ್ತಿ, ಮಾಲೀಕರು ಕ್ರೀಡಾಂಗಣಕ್ಕೇ ಬೀಗ ಜಡಿದಿದ್ದರು.

"ಗುರುಗಳೇ, ಆಟ ಯಾರದು? ಅಂಕಣ ಕಟ್ಟಿಸಿದವರದೋ, ಆಡುವವರದೋ?"

"ಅರೆ, ಒಳ್ಳೇ ಪ್ರಶ್ನೆ! ನನಗೂ ಗೊತ್ತಿಲ್ಲ ನೋಡು. ಅದು ಈಗ್ಯಾಕೆ ಬಂತು?"

ಹಾಲೇಶ ವಿಷಯಕ್ಕೆ ಬಂದ. "ಮಾಲೀಕರು ನನ್ನೊಬ್ಬನನ್ನೇ ಕರೆಸಿದ್ದರು. ಹೆಸರಾದ ಆಟಗಾರರಿಗೆ ಕೇಳಿದ್ದೆಲ್ಲ ಕೊಡ್ತಾರಂತೆ. ಬದಲಿ ಆಟಗಾರರಾಗಿ ಬೆಂಚಿನ ಮೇಲೆ ಕೂರೋರಿಗೆ ಮಾತ್ರ ಏನೂ ಇಲ್ಲ. ಗಾಯವಾದರೆ ಅವತ್ತೇ ಮನೆಗೆ. ಸಂಜೆಯೊಳಗೆ ಸಂಘದ ಪರವಾಗಿ ನಾನು ಸಹಿ ಹಾಕಬೇಕು. ನನಗೂ ಆಸೆಯಿದೆ ಗುರುಗಳೇ, ಸುಳ್ಳು ಯಾಕೆ ಹೇಳಲಿ."

"ಗೇಟಿನ ಹತ್ರ ಬೈಕಿನ ಮೇಲೆ ಕೂತಿದಾನಲ್ಲ, ಆ ಉದ್ದನೆಯವನು ಯಾರು?"

"ಸಾದಿಕ್. ನಮ್ಮ ತಂಡದವನೇ, ಬೆಂಚಿನವನು. ನನ್ನನ್ನ ಕರಕೊಂಡು ಬಂದ."

"ಅವನಿಗೆ ಈ ವಿಷಯ ಗೊತ್ತೋ?"

"ಇಲ್ಲ." ಹಾಲೇಶನಿಗೆ ನಾಚಿಕೆಯಾಯಿತು. ಆಗಲೇಬೇಕಲ್ಲ! ದಾರಿಯುದ್ದಕ್ಕೂ ಸಾದಿಕ್‌ನ ಬೆನ್ನ ಹಿಂದೆಯೇ ಕೂತು ಬಂದ ಮಹಾರಾಯ ಈ ಬಗ್ಗೆ ತುಟಿ ಪಿಟಕ್ ಎಂದಿರಲಿಲ್ಲ.

ಗುರುಗಳು ಒಳಗಿಂದ ಚೆಂಡು ತಂದು, ಹಾಲೇಶನನ್ನು ಅಂಕಣಕ್ಕೆ ಕರೆದೊಯ್ದು ಅವನ ಕೈಗಿಟ್ಟರು. "ಅಂಕಣದ ಗೆರೆಯ ಆಚೆ ನಿಲ್ಲು. ಆಟ ಶುರುಮಾಡು."

"ಯಾರಿಗೆ ಎಸೀಲಿ? ಒಳಗೆ ಯಾರೂ ಇಲ್ಲವಲ್ಲ."

"ನಿನಗೇ ಎಸಕೊ. ದೊಡ್ಡ ಆಟಗಾರ ಅಲ್ವೇನೋ ನೀನು?"

ಹಾಲೇಶನಿಗೆ ನಗು ಬಂತು. "ನೀವೇ ಹೇಳಿಕೊಟ್ಟಿದ್ದಲ್ವಾ? ಆಚೆಯಿಂದ ಎಸೆದವನು, ಒಳಗಿರೋ ಇನ್ನೊಬ್ಬ ಮುಟ್ಟೋ ತನಕ ಮತ್ತೆ ಚೆಂಡು ಮುಟ್ಟೋ ಹಾಗಿಲ್ಲ."

"ಹೌದಾ! ಇದೂ ಮಾಲೀಕರು ಮಾಡಿದ ನಿಯಮವೋ?"

"ಅಯ್ಯೋ, ಅಲ್ಲ. ಆಟ ಇರೋದೇ ಹಾಗೆ."

"ಹಾಗಾದರೆ ನಿಂತಿರು." ಗುರುಗಳು ಬೇವಿನ ಬುಡದಲ್ಲಿ ಕೂತು ಕಡ್ಲೆಕಾಯಿ ಸುಲಿಯತೊಡಗಿದರು.

ಬಿಸಿಲೇರಿತು. ಬೆವರು ಕಣ್ಣಿಗಿಳಿಯಿತು. ಗುರುಗಳು ತಲೆಯೆತ್ತಿ ನೋಡಲೂ ಇಲ್ಲ. ಅಂಕಣ ಖಾಲಿ, ಕೈಯಲ್ಲಿ ಚೆಂಡು, ಎಷ್ಟು ಹೊತ್ತು ಅಂತ ನಿಂತಾನು? ಕೊನೆಗೆ ತಾಳಲಾರದೆ ಕೂಗಿದ.

"ಸಾದಿಕ್! ಬಾರೋ ಒಳಗೆ!"

ಸಾದಿಕ್ ಚಪ್ಪಲಿ ಅಲ್ಲೇ ಬಿಟ್ಟು ಓಡಿಬಂದ. ಯಾಕೆ ಏನು ಅಂತಲೂ ಕೇಳಲಿಲ್ಲ. ಚೆಂಡು ಹಿಡಿದ, ಮರಳಿಸಿದ. ಹಾಲೇಶ ಹಾರಿ ಬಳೆಯೊಳಗೆ ಹಾಕಿದ. ಇಬ್ಬರೂ ಕೇಕೆ ಹಾಕಿ ನಕ್ಕರು.

ನಗು ನಿಂತ ಮೇಲೆ ಹಾಲೇಶ ಗುರುಗಳ ಬಳಿ ಬಂದು, ಸಾದಿಕ್‌ಗೆ ಕೇಳಿಸದ ಹಾಗೆ ದನಿ ತಗ್ಗಿಸಿದ. "ಸಹಿ ಹಾಕಲೋ, ಬೇಡವೋ?"

ಗುರುಗಳು ಮಾತ್ರ ಗಟ್ಟಿಯಾಗಿಯೇ ಹೇಳಿದರು: "ನನ್ನನ್ನೇನು ಕೇಳ್ತೀಯೋ? ಚೆಂಡು ಹಿಡಿದವನು ಅಲ್ಲೇ ನಿಂತಿದಾನೆ. ಅವನನ್ನ ಕೇಳು."