ಗಾಳೆವ್ವ ಬಿಟ್ಟುಹೋದ ಬಿಳಿಗಲ್ಲು

ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಇದ್ದ ಕಾಲವಂತೆ. ಕರಿಗುಡ್ಡ ಅಂತ ಒಂದೂರು. ಊರ ಮೇಲ್ಗಡೆ ಉರಿಯುವ ಕಲ್ಲು ಸಿಕ್ಕಿತು, ಯಾರೋ ಧಣಿ ಬಂದ, ಗುಡ್ಡದ ಹೊಟ್ಟೆ ಬಗೆದು ಕಲ್ಲಿದ್ದಲು ತೆಗೆಸಿದ. ಗಣಿಯಲ್ಲಿ ನೀರು ತುಂಬಿತು. ತುಂಬಿದ ನೀರಿಗೆ ಕಾಲುವೆ ಕಡಿಸಿ ಊರ ಹಳ್ಳಕ್ಕೆ ಬಿಟ್ಟ.

ಮೊದಮೊದಲು ಊರವರು ಖುಷಿಪಟ್ಟರಂತೆ. ಹಳ್ಳ ಬೇಸಿಗೆಯಲ್ಲೂ ಹರಿಯತೊಡಗಿತು, ನೀರು ದಿನದಿನಕ್ಕೆ ತಿಳಿಯಾಯಿತು. ಪಾಚಿ ಇಲ್ಲ, ಜೊಂಡು ಇಲ್ಲ, ಕಪ್ಪೆಯ ವಟವಟ ಇಲ್ಲ. ತಳದ ಒಂದೊಂದು ಹರಳೂ ಕಾಣುತ್ತಿತ್ತು. ಇಷ್ಟು ಚೊಕ್ಕ ನೀರು ಯಾವ ಊರಿಗಿದೆ ಎಂದು ಬೀಗರ ಮುಂದೆ ಜಂಬ ಕೊಚ್ಚಿಕೊಂಡರಂತೆ. ಅದು ಜೀವ ಹೋದ ನೀರಿನ ಚೊಕ್ಕತನ ಅಂತ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಹರಳುಗಳ ಮೇಲೆ ತುಕ್ಕಿನ ಬಣ್ಣದ ಲೋಳೆ ಕೂತಿತು. ಬಾಯಿಗಿಟ್ಟರೆ ಹುಳಿ, ಒಗರು. ಕೊಡಗಳಿಗೆ ತೂತು ಬಿತ್ತು. ಎಮ್ಮೆಗಳು ಮೂಸಿ ಮುಖ ತಿರುಗಿಸಿದವು. ಹೆಂಗಸರು ದೂರದ ಬಾವಿಗೆ ನಡೆದರು. ಧಣಿಯನ್ನು ಕೇಳಿದರೆ, ನೀರು ಇಳಿಜಾರಿಗೆ ಹರಿಯುತ್ತದೆ, ನಾನೇನು ಕಿವಿ ಹಿಡಿದು ಎಳೆದು ತಂದೆನೇ ಎಂದನಂತೆ. ಸುಗ್ಗಿ ಮುಗಿಯಲಿ, ಊರು ಬಿಡೋಣ ಎಂದು ಹಿರಿಯರು ತೀರ್ಮಾನಿಸಿದರು.

ಅಂಥ ಊರಿಗೆ ಗಾಳೆವ್ವ ಬಂದಳು. ಸುಣ್ಣ ಸುಡುವವಳು. ಕತ್ತೆಗಳ ಮೇಲೆ ಬಿಳಿಯ ಸುಣ್ಣಗಲ್ಲು ಹೇರಿಕೊಂಡು, ಉರುವಲು ಎಲ್ಲಿ ಅಗ್ಗವೋ ಅಲ್ಲಿ ಭಟ್ಟಿ ಹಾಕಿ, ಸುಟ್ಟು, ಮಾರಿ, ಮುಂದಿನ ಊರು. ಗಂಡ ಎಲ್ಲಿ ಅಂತ ಕೇಳಿದವರಿಗೆ ಒಂದೊಂದು ಊರಲ್ಲಿ ಒಂದೊಂದು ಕಥೆ ಹೇಳುತ್ತಿದ್ದಳಂತೆ. ಕರಿಗುಡ್ಡಕ್ಕೆ ಬಂದದ್ದೂ ಗಣಿಯವರು ಎಸೆದ ಇದ್ದಲಿನ ಚೂರಿನ ಆಸೆಗೆ, ಊರಿನ ಮೇಲಿನ ಪ್ರೀತಿಗಲ್ಲ.

ಬಂದವಳೇ ಜ್ವರ ಬಂದು ಮಲಗಿದಳು. ಮಲ್ಕವ್ವ ಅಂತ ಒಬ್ಬ ಮುದುಕಿ, ಒಂದೇ ಒಂದು ಎಮ್ಮೆಯ ಒಡತಿ, ದೂರದ ಬಾವಿಯಿಂದ ಹೊತ್ತು ತಂದ ನೀರಲ್ಲಿ ಪಾಲು ಕೊಟ್ಟಳು. ತಾನು ಅರ್ಧ ಕುಡಿದು ಇವಳಿಗೆ ಅರ್ಧ ಕುಡಿಸಿದಳು ಅಂತಾರೆ. ಗಾಳೆವ್ವ ಎಷ್ಟೋ ಊರಿನ ನೀರು ಕುಡಿದವಳು. ಆದರೆ ಅವಳಿಗಾಗಿ ಯಾರೂ ಹೊತ್ತು ತಂದಿರಲಿಲ್ಲ.

ಎದ್ದು ಕೂತವಳೇ, "ಯಕ್ಕಾ, ನಿಮ್ಮ ಹಳ್ಳ ನಾ ತೊಳೀತೀನಿ ನೋಡು," ಅಂದಳಂತೆ.

"ನೀರನ್ನ ಏನು ಹಾಕಿ ತೊಳೀತಿಯಬೇ?" ಅಂತ ಮಲ್ಕವ್ವ ನಕ್ಕಳು.

ಗಾಳೆವ್ವನ ಲೆಕ್ಕಾಚಾರ ಸರಳ. ಸುಣ್ಣ ಗೋಡೆಯನ್ನು ಬೆಳ್ಳಗೆ ಮಾಡುತ್ತದೆ, ಎಲೆಯಡಿಕೆಗೆ ರುಚಿ ತರುತ್ತದೆ, ಹಳ್ಳವೊಂದನ್ನು ಬಿಟ್ಟೀತೇ? ಭಟ್ಟಿ ಹಾಕಿ ಒಂದಷ್ಟು ಕಲ್ಲು ಸುಟ್ಟು, ಆ ಸುಣ್ಣವನ್ನೆಲ್ಲ ಬುಟ್ಟಿಬುಟ್ಟಿ ಹೊತ್ತು ಹಳ್ಳಕ್ಕೆ ಸುರಿದಳು. ಹಳ್ಳ ಕೊತಕೊತ ಕುದಿಯಿತು, ಹಬೆ ಎದ್ದಿತು, ನೀರು ಹಾಲಿನ ಬಣ್ಣಕ್ಕೆ ತಿರುಗಿತು. ಕೆಳಗಿನ ತಿರುವಿನಲ್ಲಿ ಹೇಗೋ ಉಳಿದುಕೊಂಡಿದ್ದ ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲಿದವು. ಮಲ್ಕವ್ವನ ಎಮ್ಮೆ, ಆ ಬಿಳುಪಿಗೆ ಮರುಳಾಗಿ ಬಾಯಿ ಹಾಕಿ, ಬಾಯೆಲ್ಲ ಹುಣ್ಣು ಮಾಡಿಕೊಂಡಿತು.

ಊರಿಗೆ ಊರೇ ಅವಳ ಮೇಲೆ ಏರಿ ಬಂತು. ಧಣಿಯ ಮೇಲಿದ್ದ ಸಿಟ್ಟೆಲ್ಲ ಸುಣ್ಣದವಳ ಮೇಲೆ ಇಳಿಯಿತು. ಧಣಿಗೆ ಕಾವಲುಗಾರರಿದ್ದರು, ಇವಳಿಗೆ ಕತ್ತೆಗಳಷ್ಟೇ. ಭಟ್ಟಿ ಒಡೆದರು. ಮತ್ತೆ ಇಲ್ಲಿ ಸುಣ್ಣ ಸುಡದಿರಲೆಂದು, ಇನ್ನೂ ಸುಡದೆ ಉಳಿದಿದ್ದ ಬಿಳಿಗಲ್ಲನ್ನೆಲ್ಲ ಹೊತ್ತೊಯ್ದು ಗಣಿಯ ಕಾಲುವೆಗೆ ಎಸೆದರು. ಗಾಳೆವ್ವ ಆ ಹೊತ್ತಿಗೆ ಎಮ್ಮೆಯ ಬಾಯಿಗೆ ಬೆಣ್ಣೆ ಸವರುತ್ತ ಕೂತಿದ್ದಳಂತೆ.

ಆ ಕಲ್ಲೇ ಅವಳ ಬದುಕು. ಅದಿಲ್ಲದೆ ಮುಂದಿನ ಊರಿಲ್ಲ. ಗಲಾಟೆ ತಣ್ಣಗಾದ ಮೇಲೆ, ಆರಿಸಿಕೊಂಡು ಹೊರಡೋಣವೆಂದು ಕಾಲುವೆಗೆ ಇಳಿದಳು. ಸುಣ್ಣದವರ ಹಿಮ್ಮಡಿ ಗೊತ್ತಲ್ಲ, ಬರೀ ಬಿರುಕು. ಕಲ್ಲಿನ ರಾಶಿಯ ಮೇಲ್ಗಡೆ ಕಾಲಿಟ್ಟಳು, ಬಿರುಕು ಚುರುಚುರು ಉರಿಯಿತು. ರಾಶಿ ದಾಟಿ ಕೆಳಗಡೆ ಕಾಲಿಟ್ಟಳು, ಉರಿಯಲಿಲ್ಲ. ಮತ್ತೆ ಮೇಲೆ ಹೋದಳು, ಉರಿ. ಮತ್ತೆ ಕೆಳಗೆ ಬಂದಳು, ತಂಪು. ಬಗ್ಗಿ ನೋಡಿದರೆ ಬಿಳಿಗಲ್ಲಿನ ಮೈಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳು. ಬೆಂಕಿ ಕಾಣದ ಕಲ್ಲು ಸುಮ್ಮನೆ ಕೂತು ಹಳ್ಳದ ಹುಳಿಯನ್ನು ತಿನ್ನುತ್ತಿತ್ತು.

ಮಲ್ಕವ್ವ ದಡದಿಂದ ಕೂಗಿದಳು. "ಲಗೂನ ಆರಿಸ್ಕೊಳ್ಳಬೇ, ಅವರು ಮತ್ತ ಬರೋದ್ರೊಳಗ ಹೋಗು!"

"ಆರಿಸ್ಕೊಂಡ್ರ ನಿನ್ನ ಎಮ್ಮಿ ಏನು ಕುಡೀಬೇಕು, ಯಕ್ಕಾ?"

ಒಂದು ಕಲ್ಲನ್ನೂ ಮುಟ್ಟದೆ, ಬರೀ ಕತ್ತೆಗಳನ್ನು ಹೊಡೆದುಕೊಂಡು ಹೋದಳು. ಪೀಡೆ ತೊಲಗಿತು ಎಂದರು ಊರವರು. ಸುಣ್ಣದ ಬಿಳುಪೆಲ್ಲ ಹರಿದುಹೋದ ಮೇಲೆ ಒಂದು ದಿನ ಮಲ್ಕವ್ವನ ಎಮ್ಮೆ ಹಳ್ಳಕ್ಕಿಳಿದು, ಮೂಸಿ, ಕುಡಿಯಿತು. ಕುಡಿದು ಅಲ್ಲೇ ಮಲಗಿಕೊಂಡಿತು. ಊರವರು ಅದು ಏಳುವವರೆಗೂ ದಡದಲ್ಲಿ ನಿಂತೇ ಇದ್ದರಂತೆ. ಸುಗ್ಗಿ ಮುಗಿಯಿತು, ಊರು ಬಿಡುವ ಮಾತನ್ನು ಯಾರೂ ಎತ್ತಲಿಲ್ಲ.

ಗಾಳೆವ್ವ ತನ್ನ ಸೀಮೆಯಿಂದ ಮತ್ತಷ್ಟು ಕಲ್ಲು ಹೇರಿಕೊಂಡು ತಿರುಗಿ ಬಂದಳು. ಭಟ್ಟಿ ಒಡೆದ ಗಂಡಸರು ತಲೆ ತಗ್ಗಿಸಿ ನಿಂತಿದ್ದರೆ, "ನಿಮ್ಮ ಕೈ ಭಾಳ ಛಲೋ ಅದ. ಇವನ್ನೂ ಎಸೀರಿ," ಅಂದಳಂತೆ. ಎಸೆದರು. ಅವಳ ಹೊಟ್ಟೆಗೆ ಮನೆಗೊಂದು ರೊಟ್ಟಿ ಅಂತ ಮಾಡಿದರು.

ಒಂದು ಮಳೆಗಾಲ ಕಳೆದು ಅವಳ ಹಿಮ್ಮಡಿ ಮತ್ತೆ ಉರಿಯಿತು. ನೋಡಿದರೆ ಬಿಳಿಗಲ್ಲುಗಳು ತುಕ್ಕಿನ ಅಂಗಿ ತೊಟ್ಟು ಮಲಗಿಬಿಟ್ಟಿವೆ. ಗಾಳೆವ್ವ ನೀರಿಗಿಳಿದು ಒಂದೊಂದನ್ನೇ ಮಗುಚಿದಳು, ಕಲ್ಲಿಗೆ ಕಲ್ಲು ತಿಕ್ಕಿ ಅಂಗಿ ಬಿಚ್ಚಿಸಿದಳು. ಕಲ್ಲು ಹಾಕಿ ಕೈ ತೊಳೆದುಕೊಂಡರೆ ಆಗಲಿಲ್ಲ, ವರ್ಷವರ್ಷವೂ ಎಬ್ಬಿಸಬೇಕು ಎಂದು ಊರಿಗೆಲ್ಲ ಕಲಿಸಿದಳು. ಮೊದಲು ಬಸವನಹುಳು ಬಂದವು, ಆಮೇಲೆ ಮೀನು, ಕೊನೆಗೆ ಕಪ್ಪೆ. ಕಪ್ಪೆಗಳ ಗದ್ದಲಕ್ಕೆ ನಿದ್ದೆ ಕೆಟ್ಟರೂ ಕರಿಗುಡ್ಡದಲ್ಲಿ ಒಬ್ಬರೂ ಬೈಯಲಿಲ್ಲ ಅಂತಾರೆ.

ಮಲ್ಕವ್ವ ತೀರಿಕೊಂಡ ವರ್ಷ ಗಾಳೆವ್ವ ಕತ್ತೆಗಳನ್ನು ಬಿಚ್ಚಿಕೊಂಡು ಹೊರಟುಹೋದಳು. ಎಲ್ಲಿಗೆ ಅಂತ ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಊರ ಹೆಸರು ಹೇಳಿದಳಂತೆ. ಅವಳಿಗೆ ಗುಡಿ ಇಲ್ಲ, ಗದ್ದುಗೆ ಇಲ್ಲ.

ಆದರೆ ಇವತ್ತಿಗೂ ಕರಿಗುಡ್ಡಕ್ಕೆ ಮೊದಲ ದೀಪಾವಳಿಗೆ ಬಂದ ಅಳಿಯನನ್ನು ಚಾಪೆಯ ಮೇಲೆ ಕೂರಿಸುವುದಿಲ್ಲ. ಹೊಸ ಧೋತರ ಕೊಡುವ ಮೊದಲೇ ಹಳೇದೊಂದು ಉಡಿಸಿ ಕಾಲುವೆಗೆ ಇಳಿಸುತ್ತಾರೆ. ಅವನು ಕಲ್ಲು ಮಗುಚಬೇಕು, ತುಕ್ಕು ತಿಕ್ಕಬೇಕು, ಮೇಲೆ ನಿಂತ ನಾದಿನಿಯರ ಕೀಟಲೆ ಕೇಳಬೇಕು. "ನಿಮ್ಮೂರಾಗ ಕಲ್ಲಿಗೂ ಎಣ್ಣೆಸ್ನಾನ ಏನ್ರೀ?" ಅಂತ ಗೊಣಗಿದ ಅಳಿಯಂದಿರೂ ಇದ್ದಾರೆ. ಮೇಲೆ ಬಂದವನಿಗೆ ಹೋಳಿಗೆಗಿಂತ ಮೊದಲು ಅತ್ತೆ ಹಳ್ಳದ ನೀರನ್ನೇ ಒಂದು ತಂಬಿಗೆ ಕೊಡುತ್ತಾಳೆ. ಅವನು ಎತ್ತಿ ಕುಡಿಯುವಾಗ ದಡದಲ್ಲಿ ನಿಂತ ಎಲ್ಲರ ಕಣ್ಣೂ ಅವನ ಮುಖದ ಮೇಲೆ. ಮುಖ ಹುಳ್ಳಗಾಗಲಿಲ್ಲವೋ, ಹೆಂಗಸರೆಲ್ಲ "ಗಾಳೆವ್ವಾ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಅವಳು ಹೋದ ದಾರಿಯ ಕಡೆಗೆ ಕೈಮುಗಿದು, ಎಲೆ ಹಾಕಲು ಮನೆಗೆ ಹೋಗುತ್ತಾರೆ.