ಗಡಿಯ ಗುಂಡಿ

"ಅಜ್ಜಾರ, ಯಾರೂ ಸುಳ್ಳು ಹೇಳಲಿಲ್ಲ. ಯಾರೂ ಲಂಚ ತಿನ್ನಲಿಲ್ಲ. ಒಂದು ನಿಯಮಾನೂ ಮುರೀಲಿಲ್ಲ. ಆದರೂ ಕೆಟ್ಟದ್ದಾತು. ಹಂಗಾದ್ರ ತಪ್ಪು ಎಲ್ಲಿಂದ ಬಂತು?" ಎಂದು ಅಡಿವೆಯ್ಯ ಗುರುಗಳನ್ನು ಕೇಳಿದ.

ಅಡಿವೆಯ್ಯ ಮಠಕ್ಕೆ ಬರುವ ಮೊದಲು ಹನ್ನೆರಡು ವರ್ಷ ಒಂದು ಪುರಸಭೆಯಲ್ಲಿ ಗುಮಾಸ್ತನಾಗಿದ್ದ. ಏನು ಕೆಟ್ಟದ್ದಾಯಿತು ಎಂದು ಅವನು ಹೇಳಲಿಲ್ಲ. ಗುರುಗಳು ಕೇಳಲೂ ಇಲ್ಲ. ಒಂದು ಕತೆ ಹೇಳಿದರು.

ಒಂದು ಊರು. ಅದರ ನೆಲದಡಿ ಸುಣ್ಣದ ಕಲ್ಲು. ಅಜ್ಜ ಅಗೆದ, ಮಗ ಅಗೆದ, ಮೊಮ್ಮಗ ಅಗೆದ. ಕಲ್ಲು ಗೂಡಿಗೆ ಹೋಗಿ ಬೆಂದು ಸುಣ್ಣವಾಯಿತು. ದೂರದ ಊರುಗಳ ಗೋಡೆಗಳು ಬೆಳ್ಳಗಾದವು. ಈ ಊರಿನ ಪಾಲಿಗೆ ಉಳಿದದ್ದು ಗುಂಡಿ. ಊರು ಬೆಳೆದಂತೆ ಕಸವೂ ಬೆಳೆಯಿತು. ಗೂಡಿನ ಬೂದಿ, ಬಣ್ಣ ಹಾಕುವವರ ತೊಟ್ಟಿಯ ನೀರು, ಸಂತೆಯ ಕೊಳೆ, ಸತ್ತ ದನ. ಒಂದು ಕಡೆ ಗುಂಡಿ, ಇನ್ನೊಂದು ಕಡೆ ಕಸ. ಅದನ್ನು ಇದರೊಳಗೆ ತುಂಬಿದರೆ ಎರಡೂ ತೀರಿತು ಎಂದು ಯಾರಿಗಾದರೂ ಹೊಳೆಯುತ್ತದೆ. ಅವರಿಗೂ ಹೊಳೆಯಿತು. ಅದಕ್ಕಾಗಿ ಅವರನ್ನು ನಾನು ಬಯ್ಯುವುದಿಲ್ಲ.

ಊರಿಗೆ ಏಳು ಜನರ ಸಭೆ ಇತ್ತು. ಮುಂದಿನ ಮೂವತ್ತು ವರ್ಷ ಎಲ್ಲಿ ಅಗೆಯಬೇಕು, ಎಲ್ಲಿ ಸುರಿಯಬೇಕು ಎಂದು ನಕ್ಷೆ ಬರೆದು ತೀರ್ಮಾನಿಸುವುದು ಆ ಸಭೆಯ ಕೆಲಸ. ಹಿರಿಯರು ಅದಕ್ಕೊಂದು ಕಟ್ಟಳೆ ಮಾಡಿಟ್ಟಿದ್ದರು. ಮುದ್ರೆ ಒತ್ತುವ ಮುನ್ನ ಏಳೂ ಜನ ಒಬ್ಬೊಬ್ಬರಾಗಿ ಎದ್ದು, ನಕ್ಷೆಯ ಮೇಲೆ ಕೈಯಿಟ್ಟು, "ನನ್ನವರಿಗೆ ಇದರಿಂದ ಕೇಡಿಲ್ಲ" ಎನ್ನಬೇಕು. ಒಬ್ಬ ಹೇಳದಿದ್ದರೂ ಮುದ್ರೆ ಇಲ್ಲ. ಒತ್ತಿದ ಮುದ್ರೆಯನ್ನು ರದ್ದು ಮಾಡಬೇಕಾದರೆ ನಾಲ್ವರು ಎದ್ದು "ನನ್ನವರಿಗೆ ಕೇಡಿದೆ" ಎನ್ನಬೇಕು. ಏಳು ಮನೆತನದ ಬೀಗರು, ನೆಂಟರು, ಹೆಣ್ಣುಮಕ್ಕಳು ಸುತ್ತಲ ಊರುಗಳಲ್ಲೆಲ್ಲ ಇರುತ್ತಾರೆ, ತಮ್ಮವರನ್ನು ಕಾಯಲು ಹೊರಟವರು ಎಲ್ಲರನ್ನೂ ಕಾಯುತ್ತಾರೆ ಎಂದು ಹಿರಿಯರು ನಂಬಿದ್ದರು. ಪಾಪ, ಮನುಷ್ಯರ ಮೇಲೆ ಅವರಿಗೆ ಅಷ್ಟು ನಂಬಿಕೆ.

ಊರಿನಲ್ಲಿ ಬರಿದಾದ ಗುಂಡಿಗಳು ನಾಲ್ಕಿದ್ದವು. ಮೊದಲನೆಯದರ ಪಕ್ಕ ಒಬ್ಬ ಸದಸ್ಯನ ತಮ್ಮನ ಹೊಲ. ಎರಡನೆಯದರ ಗಾಳಿ ಇನ್ನೊಬ್ಬನ ಅಂಗಳಕ್ಕೆ ಬೀಸುತ್ತಿತ್ತು. ಮೂರನೆಯದರ ಹತ್ತಿರ ಮತ್ತೊಬ್ಬನ ಮನೆದೇವರ ಗುಡಿ. ದೇವರು ಕೂಡ ಅವನವರ ಪಟ್ಟಿಗೆ ಸೇರಿಕೊಂಡಿತು. ನಾಲ್ಕನೆಯ ಗುಂಡಿ ಊರ ಗಡಿಯಲ್ಲಿತ್ತು. ನಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. ಅದರಾಚೆ ಬರಿಯ ಬಿಳಿ ಕಾಗದ. ಏಳು ಬೆರಳುಗಳೂ ಆ ಗುಂಡಿಯ ಮೇಲೆ ಬಂದು ನಿಂತವು.

ಬಿಳಿ ಕಾಗದವಿದ್ದ ಜಾಗದಲ್ಲಿ ನಿಜವಾಗಿ ಒಂದು ಸಣ್ಣ ಊರಿತ್ತು. ಅದಕ್ಕೆ ಒಂದೇ ಬಾವಿ. ಸಭೆಯ ಮುಖಂಡ ತನ್ನ ಒಬ್ಬಳೇ ಮಗಳನ್ನು ಆ ಊರಿಗೇ ಕೊಟ್ಟಿದ್ದ. ಆಗ ಅವಳು ಆರು ತಿಂಗಳ ಬಸುರಿ.

ಬಾವಿ ತೋಡುವ ಮುದುಕನೊಬ್ಬ ಮುಖಂಡನ ಮನೆಗೆ ಬಂದ. "ಯಜಮಾನ್ರ, ನೀರಿನ ಜಾಡು ಹುಡುಕಾಕಂತ ಹೋದ ಮಳಿಗಾಲದಾಗ ಆ ಗುಂಡಿ ನೀರಿಗೆ ಮುತ್ತಲ ಹೂವಿನ ಬಣ್ಣ ಕಲಸಿದ್ದೆ. ಒಂಬತ್ತನೇ ದಿನ ನಿಮ್ಮ ಮಗಳ ಊರ ಬಾವಿ ನೀರು ಕೇಸರಿ ಬಂತು. ಈ ಕಲ್ಲಿನಾಗ ಸಂದು ಭಾಳ ಅದಾವ" ಎಂದ.

ಮುಖಂಡ ಕೆಟ್ಟವನಲ್ಲ. ಮುದುಕನನ್ನು ಗದರಲಿಲ್ಲ. ಮೂರು ದಿನ ಅವನಿಗೆ ಅನ್ನ ಸೇರಲಿಲ್ಲ. ಇನ್ನು ಅವನು ನಕ್ಷೆಯ ಮೇಲೆ ಕೈಯಿಡುವಂತಿಲ್ಲ, ಸುಳ್ಳು ಹೇಳುವ ಮನುಷ್ಯನೂ ಅಲ್ಲ. ಉಳಿದ ಮೂರು ಗುಂಡಿಗಳಿಗೆ ಬೇರೆಯವರು ಒಪ್ಪುವುದಿಲ್ಲ. ಬೀದಿಯಲ್ಲಿ ಕಸ ಮೊಣಕಾಲುದ್ದ ಬಿದ್ದಿತ್ತು. ಜನ ಅವನ ಬಾಗಿಲಿಗೇ ಬಂದು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು.

ನಾಲ್ಕನೆಯ ದಿನ ಅವನಿಗೆ ದಾರಿ ಕಂಡಿತು. ಗಾಡಿ ಕಟ್ಟಿಸಿ ಮಗಳನ್ನೂ ಅಳಿಯನನ್ನೂ ಕರೆತಂದ. ಚೊಚ್ಚಲ ಹೆರಿಗೆಗೆ ಹೇಗೂ ತವರಿಗೆ ಬರಬೇಕಲ್ಲ ಎಂದು ಮಗಳಿಗೆ ಹೇಳಿದ. ಅಳಿಯನಿಗೆ ಗೂಡಿನಲ್ಲಿ ಮೇಸ್ತ್ರಿ ಕೆಲಸ ಕೊಡಿಸಿದ. ಆಮೇಲೆ ಸಭೆಗೆ ಹೋಗಿ ಮುದುಕನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ. "ನಿಮ್ಮವರು ಯಾರರೆ ಆ ಊರಾಗ ಇದ್ರ ಮೊದಲು ಕರ್ಕೊಂಡು ಬರ್ರಿ" ಎಂದ. ಎಷ್ಟು ಪ್ರಾಮಾಣಿಕ ನೋಡು!

ಒಬ್ಬನ ಸೋದರತ್ತೆ ಅಲ್ಲಿದ್ದಳು. ಒಬ್ಬನ ತಂಗಿ, ಇನ್ನೊಬ್ಬನ ಬೀಗರು ಅಲ್ಲಿದ್ದರು. ಹದಿನೈದು ದಿನದಲ್ಲಿ ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿ ಬಂದರು. ಮುಂದಿನ ಸಭೆಯಲ್ಲಿ ಏಳೂ ಜನ ಎದ್ದರು. ಏಳೂ ಜನ ಕೈಯಿಟ್ಟು ಹೇಳಬೇಕಾದ ಮಾತು ಹೇಳಿದರು. ಅದರಲ್ಲಿ ಒಂದೂ ಸುಳ್ಳಲ್ಲ. ಗಡಿಯಾಚೆಯವರ ತಕರಾರು ಕೇಳುವ ನಿಯಮ ಇರಲಿಲ್ಲ, ಆದ್ದರಿಂದ ತಕರಾರು ಬಂದಿಲ್ಲ ಎಂದು ಬರೆದುಕೊಂಡು ಮುದ್ರೆ ಒತ್ತಿದರು. ಮರುದಿನವೇ ಕಸದ ಗಾಡಿಗಳು ಹೊರಟವು.

ಗಾಡಿಗಳು ಮುಖಂಡನ ಮನೆಯ ಮುಂದೆಯೇ ಹೋಗುತ್ತಿದ್ದವು. ಬಣ್ಣ ಹಾಕುವವರ ಪೀಪಾಯಿಗಳಿಂದ ನೀಲಿ ನೀರು ತೊಟ್ಟಿಕ್ಕುತ್ತಿತ್ತು. ಇದೆಲ್ಲ ಎಲ್ಲಿಗೆ ಎಂದು ಮಗಳು ಕೇಳಿದಳು. ಅವಳಿಗೂ ಅವನು ಸುಳ್ಳು ಹೇಳಲಿಲ್ಲ.

ಮಗಳು ಹೇಳಿದಳು: "ಅಪ್ಪಾ, ನನ್ನ ಕರ್ಕೊಂಡು ಬಂದಿ, ಛಲೋ ಮಾಡಿದಿ. ನಮ್ಮ ಬಾಜೂ ಮನ್ಯಾಗ ಒಬ್ಬಾಕಿ ನನ್ನಂಗ ಬಸುರಿ ಅದಾಳ. ಆಕಿಗೆ ಈ ಊರಾಗ ಅಪ್ಪ ಇಲ್ಲ. ಆಕೀನ ಯಾರು ಕರ್ಕೊಂಡು ಬರಬೇಕು?"

ಮಗಳು ಎದ್ದು ಬಟ್ಟೆ ಗಂಟು ಕಟ್ಟಿಕೊಂಡಳು. ಹೊಸ್ತಿಲ ಮೇಲೆ ನಿಂತು, "ನಾ ಇನ್ನ ಅಲ್ಲೇ ಇರ್ತೀನಿ. ಈಗ ಹೋಗಿ ಹೇಳು, ನಿನ್ನವರಿಗೆ ಕೇಡಿಲ್ಲಂತ" ಎಂದಳು. ಏಳು ತಿಂಗಳ ಬಸುರಿ ನಡೆದೇ ಹೋದಳು. ಗಂಡ ಗಂಟು ಹೊತ್ತು ಅವಳ ಹಿಂದೆ ಹೋದ.

ಮುಖಂಡ ಅಂದೇ ಸಭೆ ಕರೆದ. ಎದ್ದು ನಿಂತು, "ನನ್ನವರಿಗೆ ಕೇಡಿದೆ" ಎಂದ. ಇನ್ನು ಮೂವರು ಏಳಬೇಕಿತ್ತು. ಅವನು ಆರು ಮುಖಗಳನ್ನು ನೋಡಿದ. ಅವರಿಗೂ ಸಂಕಟವಾಗಿತ್ತು. ಒಬ್ಬ ಕಣ್ಣೊರೆಸಿಕೊಂಡ. ಆದರೆ ಒಬ್ಬನ ಸೋದರತ್ತೆ ಈಗ ಅವನ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಇನ್ನೊಬ್ಬನ ತಂಗಿ ಅವನ ಪಡಸಾಲೆಯಲ್ಲಿದ್ದಳು. ಎದ್ದು ನಿಂತು ಕೇಡಿದೆ ಎಂದರೆ ಸುಳ್ಳಾಗುತ್ತದೆ. ಅವರು ಸುಳ್ಳು ಹೇಳುವವರಲ್ಲ. "ಮಗಳನ್ನ ಇನ್ನೊಮ್ಮೆ ಕರದು ನೋಡ್ರಿ, ಯಜಮಾನ್ರ" ಎಂದು ಒಬ್ಬ ಸಮಾಧಾನ ಹೇಳಿದ.

ಆ ಸಣ್ಣ ಊರಿಗೆ ಇದ್ದ ಬೇಲಿಯೆಂದರೆ ಮುಖಂಡನೂ ಸೇರಿ ಅಲ್ಲಿ ತಮ್ಮವರಿದ್ದ ನಾಲ್ಕು ಜನರ ಹೊಟ್ಟೆಯೊಳಗಿನ ಭಯ. ಅದನ್ನು ಮುಖಂಡ ತನ್ನ ಕೈಯಾರೆ ಕಿತ್ತು ಹಾಕಿದ್ದ.

ಅವನು ಮಗಳ ಕಾಲು ಹಿಡಿಯುವುದೊಂದು ಬಾಕಿ. ಅವಳು ಬರಲಿಲ್ಲ. ದಿನವೂ ಎರಡು ಕೊಡ ಒಳ್ಳೆಯ ನೀರು ಕಳಿಸಿದ. ಅವಳು ಅದನ್ನು ಊರಿಗೆಲ್ಲ ಹಂಚಿದಳು. ಮನೆಗೆ ಒಂದು ಚೊಂಬೂ ಬರಲಿಲ್ಲ. ಊರವರು ಇನ್ನೊಂದು ಬಾವಿ ತೋಡಿದರು. ಅಲ್ಲಿಯೂ ಅದೇ ಕಲ್ಲು, ಅದೇ ಸಂದು. ಒಂದು ಬೆಳಗ್ಗೆ ಮುಖಂಡ ಕಸದ ಗಾಡಿಗಳಿಗೆ ಅಡ್ಡ ಮಲಗಿದ. ಗಾಡಿಯವರು ಅವನನ್ನು ಮೆತ್ತಗೆ ಎತ್ತಿ ರಸ್ತೆಯ ಬದಿಗೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಮುಂದೆ ಹೋದರು. ಅವರ ಕೈಯಲ್ಲಿ ಅವನೇ ಮುದ್ರೆ ಒತ್ತಿದ ಕಾಗದ ಇತ್ತು.

ಮಳೆಗಾಲ ಬಂತು. ಬಾವಿಯ ನೀರು ನೀಲಿಯಾಯಿತು. ಮೊದಲು ದನಗಳು ಬಿದ್ದವು. ಆಮೇಲೆ ಮನುಷ್ಯರು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಅಡಿವೆಯ್ಯ ತಡೆಯಲಾರದೆ ಕೇಳಿದ: "ಅಜ್ಜಾರ, ಆ ಮಗಳು ಉಳಿದಳೇನ್ರಿ? ಆಕಿ ಕೂಸು ಉಳೀತೇನು?"

ಗುರುಗಳು ಹೇಳಿದರು: "ಅಷ್ಟು ಮಂದಿ ಇದ್ದ ಊರಾಗ ನೀನೂ ಆಕಿ ಒಬ್ಬಾಕೀನ್ನ ಕೇಳಿದೆಲ್ಲೋ, ಅಡಿವೆಯ್ಯಾ."