ಗಿರೆವ್ವ ಕೊಟ್ಟ ಚೀಟಿ

ಗಿರೆವ್ವನ ಮನೆಯ ಗೋಡೆಯ ಮೇಲೆ ಬದನೆ ಬೀಜ ಒತ್ತಿದ ಸಗಣಿ ಕುಳ್ಳು ಒಣಗುತ್ತಿದ್ದವು. ಅತ್ತೆಯ ಕಾಲದಿಂದ ಉಳಿಸಿಕೊಂಡು ಬಂದ ಬೀಜ. ಬೀಜದ ಕಂಪನಿಯ ಸಾಹೇಬ ಅದನ್ನು ಕಂಡವನೇ ಗುಡುಗಿದ.

"ಇದು ನಮ್ಮ ಲ್ಯಾಬಿನ ಕುಲಾಂತರಿ ತಳಿ. ಅಷ್ಟೂ ಬೀಜ ಒಪ್ಪಿಸಿಬಿಡು, ಇಲ್ಲಾಂದ್ರೆ ಕೋರ್ಟಿಗೆ ಬರ್ತೀಯ."

ಗಿರೆವ್ವ ವಾದಕ್ಕಿಳಿಯಲಿಲ್ಲ. ಒಂದು ಬುಟ್ಟಿ ಬದನೆಕಾಯಿ ತಂದು ಮುಂದಿಟ್ಟಳು.

"ನನ್ನ ಹಿತ್ತಲದವೂ ಅದಾವು, ಸಂತ್ಯಾಗ ಕೊಂಡ ನಿಮ್ಮವೂ ಅದಾವು. ನಿಮ್ಮವು ಆರಿಸಿ ತೋರಸ್ರಿ, ಬೀಜ ಒಯ್ಯಿರಿ."

ಸಾಹೇಬ ಒಂದೊಂದೇ ಕಾಯಿ ತಿರುವಿ ನೋಡಿ ಬೆವರು ಒರೆಸಿಕೊಂಡ.

"ಕಣ್ಣಿಗೆ ಗೊತ್ತಾಗಲ್ಲ. ಲ್ಯಾಬಿಗೆ ಕಳಿಸಬೇಕು."

"ಹೋದ ವಾರ ಸಂತ್ಯಾಗ ಮಂದಿ ನಿಮ್ಮ ಕಾಯಿಗೆ 'ಕುಲಾಂತರಿ' ಅಂತ ಚೀಟಿ ಹಚ್ರಿ ಅಂದಾಗ, 'ಎಲ್ಲಾ ಬದನಿ ಒಂದ, ಚೀಟಿ ಯಾಕ' ಅಂದವ್ರು ನೀವ. ಈಗ ಕೊಳ್ಳೋರು ಲ್ಯಾಬ್ ಹೊತ್ಕೊಂಡ ಸಂತಿಗೆ ಬರಬೇಕೇನ್ರಿ?"

ಸಾಹೇಬ ಚಪ್ಪಲಿ ಹುಡುಕತೊಡಗಿದ.

ಬಂದವರನ್ನು ಬರಿಗೈಲಿ ಕಳಿಸುವ ರೂಢಿ ಆ ಮನೆಯಲ್ಲಿರಲಿಲ್ಲ. ಗಿರೆವ್ವ ಹಿತ್ತಲಿಗೆ ಹೋಗಿ ನಾಲ್ಕು ಎಳೆಗಾಯಿ ಕಿತ್ತು ತಂದಳು. ಪೇಪರಿನಲ್ಲಿ ಸುತ್ತಿ, ಮೇಲೆ ಇದ್ದಿಲಿನಿಂದ ದಪ್ಪಗೆ 'ಗಿರೆವ್ವನ ಹಿತ್ತಲದ್ದು' ಎಂದು ಬರೆದು ಅವನ ಕೈಗಿಟ್ಟಳು.

"ಏನ್ ತಿನ್ನಾಕತ್ತೀವಿ ಅಂತ ನಿಮ್ಮ ಮನಿಯವ್ರಿಗಾದ್ರೂ ಗೊತ್ತಿರಲಿರಿ."